ಹೊಳೆ ಉಳಿಸಬೇಕೆಂದರೆ ಮೊದಲು ಬಾವಿಗೆ ಟೇಪು ಇಳಿಸಿ

ಪ್ರಶ್ನೆ: ನಮ್ಮದು ಹಾವೇರಿ ತಾಲ್ಲೂಕಿನಲ್ಲಿ ವರದಾ ದಂಡೆಯ ಊರು. ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಮದುವೆಯಾಗಿ ಈ ಊರಿಗೆ ಬಂದಾಗ ಯುಗಾದಿಯವರೆಗೂ ಹೊಳೆ ಹರಿಯುತ್ತಿತ್ತು. ಈಗ ಸಂಕ್ರಾಂತಿ ಕಳೆಯುವುದರೊಳಗೆ ಹರಿವು ನಿಂತು, ಮಡುಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ಅಂತರ್ಜಲ ಉಳಿಸಿದರೆ ಹೊಳೆ ಉಳಿಯುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ಊರಿನಲ್ಲಿ ಅದನ್ನು ಹೇಳಿದರೆ ‘ಬೋರಿಗೂ ಹೊಳೆಗೂ ಏನ್ರೀ ಸಂಬಂಧ, ಹೊಳೆಗೆ ಅಡ್ಡ ಇನ್ನೊಂದು ಬಾಂದಾರ ಹಾಕಿಸ್ರಿ’ ಅನ್ನುತ್ತಾರೆ. ಅವರಿಗೆ ಏನು ಹೇಳಲಿ? ಎಲ್ಲಿಂದ ಶುರು ಮಾಡಲಿ? ಬೋರು ಇರುವವರು ನನ್ನ ಮಾತು ಕೇಳುತ್ತಾರೆಯೇ? ಉತ್ತರ ಕನ್ನಡದ ಬೇಡ್ತಿ ಹೊಳೆಯ ನೀರು ವರದೆಗೆ ಬಂದರೆ ಇಷ್ಟೆಲ್ಲ ಮಾಡುವ ಅಗತ್ಯವಾದರೂ ಇದೆಯೇ?

ಉತ್ತರ: ಅಧ್ಯಕ್ಷರೇ, ಬೋರಿಗೂ ಹೊಳೆಗೂ ಏನು ಸಂಬಂಧ ಎನ್ನುವುದೇ ಇಲ್ಲಿ ಮೂಲ ಪ್ರಶ್ನೆ. ಅದೊಂದು ಊರಿಗೆ ತಿಳಿದರೆ ಉಳಿದ ಕೆಲಸ ಅರ್ಧ ಮುಗಿದಂತೆ. ಹಾಗಾಗಿ ಅಲ್ಲೇ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ವರದೆ ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯ ಮಗ್ಗುಲಲ್ಲಿ ಹಾದು, ನಿಮ್ಮ ಜಿಲ್ಲೆಗೆ ಇಳಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಬರುವುದು ಮೇಲ್ಸೀಮೆಯ ಮಳೆನೀರು. ಅದು ಬಂದಷ್ಟೇ ಬೇಗ ಹೋಗುತ್ತದೆ. ಆದರೆ ದೀಪಾವಳಿ ಕಳೆದು ತಿಂಗಳಾದ ಮೇಲೆ, ಒಂದು ಹನಿ ಮಳೆಯಿಲ್ಲದೆಯೂ ಹೊಳೆಯಲ್ಲಿ ತಿಳಿನೀರು ಹರಿಯುತ್ತದಲ್ಲ, ಅದು ಎಲ್ಲಿಯದು? ನಮ್ಮಲ್ಲಿ ಹಿಮ ಕರಗುವ ಬೆಟ್ಟಗಳಿಲ್ಲ. ಆ ನೀರಿನಲ್ಲಿ ಬಹುಪಾಲು ಎರಡೂ ದಂಡೆಯ ಹೊಲಗಳ ಕೆಳಗಿನಿಂದ ಒಸರಿ ಬಂದದ್ದು. ಮಳೆಗಾಲದಲ್ಲಿ ಇಂಗಿದ ನೀರು ಬಾವಿಗಳಲ್ಲಿ ಹೊಳೆಯ ತಳಕ್ಕಿಂತ ಮೇಲಿನ ಮಟ್ಟದಲ್ಲಿ ನಿಂತಿರುತ್ತದೆ. ನೀರು ಇಳಿಜಾರು ಹುಡುಕುವುದು ನೆಲದ ಮೇಲೆ ಹೇಗೋ ನೆಲದ ಒಳಗೂ ಹಾಗೆಯೇ. ಅದು ನಿಧಾನವಾಗಿ, ದಿನಕ್ಕೆ ಇಷ್ಟಿಷ್ಟೇ ಜರುಗುತ್ತ ಹೊಳೆಯ ಕಡೆ ಬರುತ್ತದೆ. ಹಿಂದೆ ನಮ್ಮ ಕಡೆ ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ, ಮುಗ್ಗಟ್ಟಿನ ತಿಂಗಳುಗಳಲ್ಲಿ ತೆಗೆದು ಉಣ್ಣುತ್ತಿದ್ದರು. ಹೊಳೆಯ ಪಾಲಿಗೆ ನಿಮ್ಮ ಹೊಲಗಳ ಕೆಳಗಿನ ನೀರು ಅಂಥ ಹಗೇವು.

ಇದನ್ನು ನನ್ನ ಮಾತಿನ ಮೇಲೆ ಯಾರೂ ನಂಬಬೇಕಿಲ್ಲ. ಪುಷ್ಯ ಮಾಸದಲ್ಲಿ ಒಂದು ಬೆಳಿಗ್ಗೆ ಊರಿನ ನಾಲ್ಕು ಹಿರಿಯರನ್ನೂ ಶಾಲೆಯ ದೊಡ್ಡ ಮಕ್ಕಳನ್ನೂ ಕರೆದುಕೊಂಡು ಹೊಳೆಯ ಪಾತ್ರದಲ್ಲೇ ಎರಡು ಕಿಲೋಮೀಟರ್ ನಡೆಯಿರಿ. ದಂಡೆಯ ಬುಡವನ್ನು ನೋಡುತ್ತ ಹೋಗಿ. ಎಲ್ಲ ಕಡೆ ಒಣಗಿದ್ದರೂ ಕೆಲವು ಕಡೆ ಮಣ್ಣು ತೇವವಿರುತ್ತದೆ, ಅಲ್ಲಿ ಮಾತ್ರ ಹುಲ್ಲು ಹಸಿರಾಗಿರುತ್ತದೆ. ಕೆಲವೆಡೆ ತುಕ್ಕಿನ ಬಣ್ಣದ ಕೆಸರು, ಅದರ ಮೇಲೆ ಎಣ್ಣೆ ಹರಡಿದಂಥ ಪೊರೆ ಕಾಣುತ್ತದೆ. ಯಾರೋ ಎಣ್ಣೆ ಚೆಲ್ಲಿದ್ದಾರೆ ಎಂದು ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಕಡೆ ಅದು ಎಣ್ಣೆಯಲ್ಲ. ನೆಲದೊಳಗಿನ ನೀರಿನಲ್ಲಿ ಕರಗಿದ್ದ ಕಬ್ಬಿಣ ಗಾಳಿ ತಾಗಿದೊಡನೆ ತುಕ್ಕಾಗುತ್ತದೆ, ಆ ಕರಗಿದ ಕಬ್ಬಿಣದಿಂದ ಬದುಕುವ ಸೂಕ್ಷ್ಮಜೀವಿಗಳು ಆ ಪೊರೆ ಕಟ್ಟುತ್ತವೆ. ಕಡ್ಡಿಯಿಂದ ಕೆದಕಿದರೆ ಎಣ್ಣೆಯಂತೆ ಮತ್ತೆ ಕೂಡಿಕೊಳ್ಳುವುದಿಲ್ಲ, ಚೂರುಚೂರಾಗಿ ಒಡೆಯುತ್ತದೆ. ಅಲ್ಲಿ ಅಂತರ್ಜಲ ಹೊಳೆಗೆ ಸೇರುತ್ತಿದೆ ಎಂದು ತಿಳಿಯಿರಿ. ಅಂಥ ಜಾಗಗಳನ್ನು ಊರಿನ ನಕ್ಷೆಯಲ್ಲಿ ಗುರುತು ಹಾಕಿಸಿ.

ಇನ್ನೊಂದು ಪರೀಕ್ಷೆಯೂ ಇದೆ. ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಪೆನ್ನು ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆಗಸ್ಟಿನ ಪ್ರವಾಹದಲ್ಲಿ ಹೊಳೆಯ ನೀರಿಗೆ ಅದ್ದಿದರೆ ಅಂಕಿ ಕಡಿಮೆ ಬರುತ್ತದೆ, ಏಕೆಂದರೆ ಅದು ಹೊಸ ಮಳೆನೀರು. ಡಿಸೆಂಬರಿನಲ್ಲಿ ಅದ್ದಿದರೆ ಅಂಕಿ ಏರಿ, ದಂಡೆಯ ಬಾವಿಗಳ ಅಂಕಿಯತ್ತ ಸರಿದಿರುತ್ತದೆ. ಒಸರು ಸೇರುವ ಜಾಗದಲ್ಲೇ ಅಳೆದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬಾವಿಯ ನೀರೇ ಹೊಳೆಗೆ ಬಂದಿದೆ ಎಂದು ಮಕ್ಕಳೇ ಅಳೆದು ಊರಿಗೆ ತೋರಿಸಲಿ. ಅಧಿಕಾರಿಯೊಬ್ಬರು ಬಂದು ಗಂಟೆಗಟ್ಟಲೆ ಭಾಷಣ ಮಾಡುವುದಕ್ಕಿಂತ ಇದು ಹೆಚ್ಚು ನಾಟುತ್ತದೆ.

ಇನ್ನು ಬೋರಿನ ಮಾತು. ನಮ್ಮ ಕಡೆಯ ನೆಲದಡಿ ಇರುವುದು ಹೆಚ್ಚಾಗಿ ಧಾರವಾಡ ಶಿಸ್ಟ್ ಮತ್ತು ನೈಸ್ ಎಂಬ ಗಟ್ಟಿ ಕಲ್ಲು. ಇಂಥ ಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಕೊಳೆತ ಪದರದಲ್ಲಿ (ಸವೆದು ಸಡಿಲವಾದ ಕಲ್ಲಿನಲ್ಲಿ) ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ. ಕೊಳೆತ ಪದರದ ಒಂದು ಘನ ಮೀಟರ್ ಕೂಡ ಬಿಟ್ಟುಕೊಡುವುದು 15ರಿಂದ 30 ಲೀಟರ್ ನೀರು, ಅದರ ಕೆಳಗಿನ ಬಂಡೆಯಲ್ಲಿ ಇನ್ನೂ ಕಡಿಮೆ. ಆದ್ದರಿಂದ ಆರುನೂರು, ಎಂಟುನೂರು ಅಡಿ ಕೊರೆದವರಿಗೆ ಹೊಸ ನೀರೇನೂ ಸಿಕ್ಕುವುದಿಲ್ಲ. ಮೇಲಿನ ಪದರದ ನೀರೇ ಬಿರುಕುಗಳ ಮೂಲಕ ಕೆಳಗಿಳಿದು ಅವರ ಪಂಪಿಗೆ ಬರುತ್ತದೆ. ಹೊಳೆಗೆ ಒಸರಬೇಕಾದ್ದೂ ಅದೇ ನೀರು. ದಂಡೆಯಿಂದ ನೂರಿನ್ನೂರು ಅಡಿಯಲ್ಲಿ ಕೊರೆದ ಬೋರು ಎಂದರೆ ಹೊಳೆಯಲ್ಲೇ ಮೋಟಾರು ಇಳಿಸಿದ ಹಾಗೆ. ಅರ್ಧ ಮೈಲಿ ಆಚೆ ಕೊರೆದರೂ ಹೊಳೆಗೆ ಪೆಟ್ಟು ತಪ್ಪುವುದಿಲ್ಲ, ಕೆಲವು ತಿಂಗಳು ತಡವಾಗಿ ಬೀಳುತ್ತದೆ ಅಷ್ಟೇ. ಜನಕ್ಕೆ ಸಂಬಂಧ ಕಾಣದಿರುವುದು ಈ ತಡದಿಂದಲೇ. ನವೆಂಬರಿನಲ್ಲಿ ಎತ್ತಿದ ನೀರಿಗೆ ಹೊಳೆ ಫೆಬ್ರುವರಿಯಲ್ಲಿ ಲೆಕ್ಕ ಕೊಡುತ್ತದೆ.

ಒಂದು ಲೆಕ್ಕ ಹಾಕೋಣ, ಗ್ರಾಮಸಭೆಯಲ್ಲಿ ಹಲಗೆಯ ಮೇಲೆ ಇದನ್ನೇ ಬರೆಯಿರಿ. ಊರಿನ ಎಲ್ಲೆ 2,500 ಎಕರೆ, ವರ್ಷದ ಮಳೆ 750 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಒಟ್ಟು ಬಿದ್ದ ಮಳೆ ಸುಮಾರು 750 ಕೋಟಿ ಲೀಟರ್. ಗಟ್ಟಿ ಕಲ್ಲಿನ ಸೀಮೆಯಲ್ಲಿ ನೂರಕ್ಕೆ ಎಂಟು ಪಾಲು ಅಂತರ್ಜಲಕ್ಕೆ ಇಂಗಿತು ಎಂದರೆ 60 ಕೋಟಿ ಲೀಟರ್. ಒಂದು ಎಕರೆ ಕಬ್ಬಿಗೆ ಮಳೆ ಬಿಟ್ಟು ಬೋರಿನಿಂದ ಸುಮಾರು 40 ಲಕ್ಷ ಲೀಟರ್ ಬೇಕು. ಅಂದರೆ 2,500 ಎಕರೆಯ ಊರಿನಲ್ಲಿ 150 ಎಕರೆ ಕಬ್ಬು ಬೆಳೆದರೆ ಇಂಗಿದ್ದೆಲ್ಲ ಖಾಲಿ. ಕುಡಿಯುವ ನೀರಿಲ್ಲ, ದನಕ್ಕಿಲ್ಲ, ಹೊಳೆಗೆ ಒಂದು ಹನಿಯೂ ಇಲ್ಲ. ಅದೇ ಕಡಲೆಗೋ ಹಿಂಗಾರಿ ಜೋಳಕ್ಕೋ ಎರಡು ಸಲ ತೆಳುವಾಗಿ ನೀರು ಕೊಟ್ಟರೆ ಎಕರೆಗೆ 4 ಲಕ್ಷ ಲೀಟರಿನಲ್ಲಿ ಮುಗಿಯುತ್ತದೆ. ನಿಮ್ಮೂರಿನ ಮಳೆ, ಮಣ್ಣು, ಬೆಳೆಗೆ ತಕ್ಕಂತೆ ಅಂಕಿ ಬದಲಾಗುತ್ತವೆ. ಆದರೆ ಹತ್ತರ ಮುಂದೆ ಒಂದು ಎನ್ನುವ ಈ ಅಂತರ ಹೆಚ್ಚು ಬದಲಾಗುವುದಿಲ್ಲ.

ಅಡಿಕೆಯ ಬಗ್ಗೆಯೂ ಹೇಳಲೇಬೇಕು, ಹಾನಗಲ್ಲಿನಿಂದ ಅದು ನಿಮ್ಮ ಕಡೆಗೂ ಸರಿಯುತ್ತಿದೆ. ಬರಗಾಲ ಬಂದರೆ ಗೋವಿನಜೋಳ ಬಿತ್ತಿದವನು ಒಂದು ಹಂಗಾಮು ಬಿಟ್ಟುಬಿಡಬಹುದು. ಅಡಿಕೆ ಹಾಕಿದವನಿಗೆ ಆ ದಾರಿಯಿಲ್ಲ. ಹೊಳೆ ಸೊರಗುವ ಮಾರ್ಚ್, ಏಪ್ರಿಲ್‌ನಲ್ಲೇ ಗಿಡ ಉಳಿಸಿಕೊಳ್ಳಲು ಇನ್ನೊಂದು ಬೋರು ಕೊರೆಸುತ್ತಾನೆ, ಸಾಲ ಮಾಡುತ್ತಾನೆ. ಹೊಸದಾಗಿ ತೋಟ ಮಾಡಲು ಹೊರಟವರ ಜೊತೆ ಸಸಿ ನೆಡುವ ಮೊದಲೇ ಮಾತಾಡಬೇಕು. ನೆಟ್ಟ ಮೇಲೆ ಯಾರ ಮಾತೂ ನಡೆಯುವುದಿಲ್ಲ, ನಡೆಯಬೇಕೆಂದು ಕೇಳುವುದು ನ್ಯಾಯವೂ ಅಲ್ಲ.

ಈಗ ಬಾಂದಾರ. ಕಟ್ಟಬೇಡಿ ಎನ್ನುವುದಿಲ್ಲ. ಆದರೆ ಮೊದಲು ಬಾಂದಾರ, ಆಮೇಲೆ ಉಳಿದದ್ದು ಎನ್ನುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಚೆಕ್ ಡ್ಯಾಮ್ ಕಟ್ಟಿದ ಎರಡು ವರ್ಷದಲ್ಲಿ ಅದರ ಆಸುಪಾಸಿನಲ್ಲೇ ಹೊಸ ಬೋರುಗಳು ಏಳುವುದನ್ನು ಬಹಳ ಊರುಗಳಲ್ಲಿ ಕಂಡಿದ್ದೇನೆ. ಇಂಗಿದ ನೀರನ್ನು ಅಲ್ಲೇ ಎತ್ತಿದರೆ ಹೊಳೆಗೆ ಬಂದದ್ದೇನು? ಕೆಳಗಿನ ಊರಿಗೆ ಹೋಗಬೇಕಾದ ನೀರೂ ನಿಂತಿತು, ನಿಮ್ಮ ಹೊಳೆಯೂ ಹರಿಯಲಿಲ್ಲ. ಹನಿ ನೀರಾವರಿಯದೂ ಇದೇ ಕತೆ. ಡ್ರಿಪ್ ಹಾಕಿ ಉಳಿಸಿದ ನೀರಿನಲ್ಲಿ ಇನ್ನೆರಡು ಎಕರೆ ತೋಟ ಮಾಡಿದರೆ ಬಾವಿಗೆ ಏನೂ ಉಳಿಯುವುದಿಲ್ಲ. ಎಷ್ಟು ಎತ್ತುವುದು ಎಂಬ ಒಪ್ಪಂದ ಮೊದಲಾಗಲಿ. ಒಪ್ಪಂದವಿರುವ ಊರಿನಲ್ಲಿ ಒಂದು ಸಣ್ಣ ಒಡ್ಡು ಕೂಡ ಫಲ ಕೊಡುತ್ತದೆ.

ಆ ಒಪ್ಪಂದಕ್ಕೆ ಮುಂಚೆ ಅಳತೆ ಬೇಕು, ನಿಮ್ಮ ಕೆಲಸ ಶುರುವಾಗುವುದು ಅಲ್ಲಿಂದ. ಊರಿನ ಎತ್ತರದ ಭಾಗದಲ್ಲಿ ಎರಡು, ನಡುವೆ ಎರಡು, ಹೊಳೆಯ ಹತ್ತಿರ ಎರಡು ಹಳೆಯ ತೆರೆದ ಬಾವಿಗಳನ್ನು ಆರಿಸಿ. ಯಾರೂ ಬಳಸದೆ ಬಿಟ್ಟ ಬಾವಿ ಆದರೆ ಇನ್ನೂ ಒಳ್ಳೆಯದು, ಪಂಪು ಓಡದಿರುವುದರಿಂದ ಸರಿಯಾದ ಮಟ್ಟ ಸಿಗುತ್ತದೆ. ಕಟ್ಟೆಯ ಮೇಲೆ ಒಂದು ಕಡೆ ಬಣ್ಣದಿಂದ ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಬೇಕು. ಟೇಪಿನ ತುದಿಗೆ ಭಾರಕ್ಕೊಂದು ಕಬ್ಬಿಣದ ನಟ್ಟು ಕಟ್ಟಿ, ಕೊನೆಯ ಒಂದು ಮೀಟರಿಗೆ ಶಾಲೆಯ ಸೀಮೆಸುಣ್ಣ ಬಳಿಯಿರಿ. ನೀರು ಮುಟ್ಟಿದ ಸದ್ದಾದ ಮೇಲೆ ಇನ್ನೊಂದು ಗೇಣು ಇಳಿಸಿ, ಕಟ್ಟೆಯ ಗುರುತಿಗೆ ಬಂದ ಅಂಕಿಯನ್ನು ಮೊದಲು ಬರೆದುಕೊಳ್ಳಿ. ಮೇಲೆತ್ತಿ ನೋಡಿದರೆ ಸುಣ್ಣ ಎಲ್ಲಿಯವರೆಗೆ ನೆಂದಿದೆ ಎಂದು ಗೆರೆ ಕೊರೆದಂತೆ ಕಾಣುತ್ತದೆ. ಮೊದಲ ಅಂಕಿಯಿಂದ ನೆಂದ ಉದ್ದವನ್ನು ಕಳೆದರೆ ನೀರಿನ ಆಳ ಸಿಕ್ಕಿತು. ತಿಂಗಳಿಗೊಮ್ಮೆ, ಒಂದೇ ದಿನ, ಬೆಳಿಗ್ಗೆ ಪಂಪುಗಳು ಶುರುವಾಗುವ ಮೊದಲು ಅಳೆಯಿರಿ. ಅಮಾವಾಸ್ಯೆಯ ದಿನವೆಂದು ಗೊತ್ತು ಮಾಡಿಕೊಂಡರೆ ಯಾರೂ ಮರೆಯುವುದಿಲ್ಲ. ಸೇತುವೆಯ ಕಂಬಕ್ಕೂ ಸೆಂಟಿಮೀಟರ್ ಗೆರೆ ಬರೆಸಿ, ಅದೇ ದಿನ ಹೊಳೆಯ ಮಟ್ಟವನ್ನೂ ಬರೆದಿಡಿ.

ಸ್ವಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳಿಗೆ ಈ ಜವಾಬ್ದಾರಿ ಕೊಡಿ ಎಂದು ನಾನು ಹೇಳುತ್ತೇನೆ. ನೀರು ಹೊತ್ತವರಿಗೆ ಅದರ ಏರಿಳಿತ ಮೊದಲು ಗೊತ್ತಾಗುತ್ತದೆ, ಸಂಘದಲ್ಲಿ ಅವರು ಲೆಕ್ಕದ ಪುಸ್ತಕ ಬರೆದು ಪಳಗಿದವರು. ಅಂಕಿಗಳನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ, ಎಲ್ಲರೂ ನೋಡುವಂತೆ ದೊಡ್ಡದಾಗಿ ಬರೆಸಬೇಕು. ಮೇಲಿನ ಲೆಕ್ಕದ 60 ಕೋಟಿ ಲೀಟರ್ ಅಂದರೆ ಇಡೀ ಎಲ್ಲೆಗೆ 60 ಮಿಲಿಮೀಟರ್ ನೀರು. ಕಲ್ಲು ಬಿಟ್ಟುಕೊಡುವುದು ನೂರಕ್ಕೆ ಎರಡು ಪಾಲು ಎಂದರೆ ಬಾವಿಯಲ್ಲಿ ಅದು ಮೂರು ಮೀಟರ್ ಏರಿಕೆಯಾಗಿ ಕಾಣುತ್ತದೆ. ಮೇ ಕೊನೆಯಿಂದ ನವೆಂಬರಿಗೆ ಎಷ್ಟು ಏರಿತು, ನವೆಂಬರಿನಿಂದ ಸಂಕ್ರಾಂತಿಗೆ ಎಷ್ಟು ಇಳಿಯಿತು ಎಂದು ಗೋಡೆಯೇ ಹೇಳುತ್ತದೆ. ಏರಿದ್ದರಲ್ಲಿ ಮುಕ್ಕಾಲು ಪಾಲು ಸಂಕ್ರಾಂತಿಗೇ ಇಳಿದಿದ್ದರೆ ಹೊಳೆ ಏಕೆ ನಿಂತಿತು ಎಂದು ಯಾರೂ ಕೇಳುವುದಿಲ್ಲ.

ಬೋರು ಇರುವವರು ಕೇಳುತ್ತಾರೆಯೇ ಎಂದಿರಿ. ಅವರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿದರೆ ಕೇಳುವುದಿಲ್ಲ. ನಮ್ಮ ಕಡೆ ಒಬ್ಬ ರೈತ ಮೂರು ಬೋರು ಕೊರೆಸಿ ಎರಡರಲ್ಲಿ ಧೂಳು ಕಂಡಿರುತ್ತಾನೆ, ಆ ಸಾಲ ಇನ್ನೂ ತೀರಿರುವುದಿಲ್ಲ. ಮಟ್ಟ ಇಳಿದರೆ ಎಲ್ಲರಿಗಿಂತ ಮೊದಲು ಹಾಳಾಗುವವನೂ ಅವನೇ. ಆದ್ದರಿಂದ ಮಾತನ್ನು ಹೊಳೆಯಿಂದ ಶುರು ಮಾಡಬೇಡಿ, ಅವನ ಬೋರಿನ ಆಯುಷ್ಯದಿಂದ ಶುರು ಮಾಡಿ. ಎಲ್ಲರಿಗಿಂತ ಹೆಚ್ಚು ಬೋರು ಇರುವ ಒಂದೆರಡು ಮನೆಗಳಿಗೆ ಸಭೆಗೆ ಮುಂಚೆ ನೀವೇ ಹೋಗಿ ಬನ್ನಿ. ನಿಮ್ಮ ಮನೆಯಲ್ಲೂ ಬೋರು ಇದ್ದರೆ ಮೊದಲ ಕಡಿತ ಅಲ್ಲಿಂದಲೇ ಆಗಲಿ, ಸಭೆ ಅದನ್ನೇ ನೋಡುತ್ತಿರುತ್ತದೆ.

ಒಪ್ಪಂದ ಸಣ್ಣದರಿಂದ ಶುರುವಾಗಬೇಕು. ಒಂದು ಉದಾಹರಣೆ ಕೊಡುತ್ತೇನೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಅದು ಯಾವಾಗ ಬರುತ್ತದೋ ಗೊತ್ತಿಲ್ಲ, ಹಾಗಾಗಿ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿದ್ದಾರೆ. ನಡುರಾತ್ರಿ ಕರೆಂಟು ಬಂದರೆ ಬೆಳೆಗೆ ಬೇಕೋ ಬೇಡವೋ ಪಂಪು ಓಡುತ್ತದೆ, ನೀರು ಬದು ದಾಟಿ ದಾರಿಗೆ ಹರಿಯುತ್ತದೆ. ಹಿಂಗಾರಿಯಲ್ಲಿ ಆಟೋ ಸ್ಟಾರ್ಟರ್ ಬಿಚ್ಚಿಡೋಣ ಎಂಬ ಒಂದು ಮಾತಿಗೆ ಊರು ಒಪ್ಪಿದರೂ ಸಾಕು. ಇದರಿಂದ ಯಾರ ಬೆಳೆಗೂ ನಷ್ಟವಿಲ್ಲ. ಎರಡನೆಯ ವರ್ಷ, ದಂಡೆಯಿಂದ ಇಷ್ಟು ದೂರದೊಳಗೆ ಹೊಸ ಬೋರು ಬೇಡ ಎನ್ನುವ ಮಾತು. ಮೂರನೆಯ ವರ್ಷ ಬೆಳೆಯ ಮಾತು. ಗೋಡೆಯ ಮೇಲಿನ ಅಂಕಿ ನೋಡಿ ನವೆಂಬರಿನಲ್ಲೇ ಸಭೆ ಸೇರಿ, ಈ ಸಲ ಎಷ್ಟು ಎಕರೆಗೆ ನೀರು ಸಾಕು ಎಂದು ಗೊತ್ತು ಮಾಡಬಹುದು. ಮಹಾರಾಷ್ಟ್ರದ ಹಳ್ಳಿ ಹಿವರೆ ಬಜಾರ್‌ನಲ್ಲಿ ವರ್ಷವರ್ಷವೂ ಇಂಥ ನೀರಿನ ಆಯವ್ಯಯ ಮಾಡುತ್ತಾರೆ. ಅಲ್ಲಿ ಕಬ್ಬು, ಬಾಳೆ ಬೆಳೆಯುವುದಿಲ್ಲ, ಬೋರು ಕುಡಿಯುವ ನೀರಿಗೆ ಮಾತ್ರ. ರಾಜಸ್ಥಾನದ ಅಲ್ವರ್ ಜಿಲ್ಲೆಯ ಅರ್ವರಿ ನದಿ ಮಳೆಗಾಲ ಮುಗಿದೊಡನೆ ಒಣಗುತ್ತಿತ್ತು. ಊರವರು ಸೇರಿ ಮಳೆನೀರು ತಡೆದು ಇಂಗಿಸುವ ನೂರಾರು ಸಣ್ಣ ಮಣ್ಣಿನ ಜೋಹಡ್‌ಗಳನ್ನು ಕಟ್ಟಿದ ಮೇಲೆ ಬಾವಿಗಳು ಏರಿ, 1990ರ ದಶಕದಲ್ಲಿ ಅದು ಮತ್ತೆ ವರ್ಷವಿಡೀ ಹರಿಯಿತು. ಅವರು ಅಷ್ಟಕ್ಕೇ ನಿಲ್ಲಲಿಲ್ಲ, ದಂಡೆಯ ಊರುಗಳೆಲ್ಲ ಸೇರಿ ಅರ್ವರಿ ಸಂಸತ್ತು ಕಟ್ಟಿಕೊಂಡು, ಹೆಚ್ಚು ನೀರು ಕುಡಿಯುವ ಬೆಳೆಗಳಿಗೆ ಕಟ್ಟುಪಾಡು ಮಾಡಿಕೊಂಡರು. ನನ್ನ ದೃಷ್ಟಿಯಲ್ಲಿ ನದಿ ಉಳಿದದ್ದು ಆ ಎರಡನೆಯ ಕೆಲಸದಿಂದ.

ಕಾನೂನಿನ ಬಲ ಎಷ್ಟಿದೆ ಎಂಬುದೂ ನಿಮಗೆ ಗೊತ್ತಿರಲಿ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದ ನೆಲದ ಒಡೆಯನೇ ಅದರಡಿಯ ನೀರಿಗೂ ಒಡೆಯ ಎಂಬ ಭಾವನೆ ಬೇರುಬಿಟ್ಟಿದೆ. ಆದರೆ ಕರ್ನಾಟಕದಲ್ಲಿ 1999ರ ಕುಡಿಯುವ ನೀರಿನ ಮೂಲಗಳ ರಕ್ಷಣೆಯ ಕಾಯ್ದೆ ಇದೆ. ಅದರ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ, ಬೋರು ತೋಡುವಂತಿಲ್ಲ. ಅಂತರ್ಜಲ ಬಳಕೆಯ ನಿಯಂತ್ರಣಕ್ಕೆಂದೇ 2011ರ ಕಾಯ್ದೆಯೂ ಇದೆ. ನಿಮ್ಮ ಪಂಚಾಯಿತಿಯ ಕುಡಿಯುವ ನೀರಿನ ಬೋರುಗಳನ್ನು ನಕ್ಷೆಯಲ್ಲಿ ಗುರುತಿಸಿ, ಸುತ್ತ 500 ಮೀಟರಿನ ವೃತ್ತ ಎಳೆದು ನೋಡಿ, ಊರಿನ ಎಷ್ಟು ಜಾಗ ಅದರಲ್ಲಿ ಬರುತ್ತದೆ ಎಂದು ನಿಮಗೇ ಆಶ್ಚರ್ಯವಾದೀತು. ಆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಇಡಿ. ಕಾಯ್ದೆಯನ್ನು ಬೆದರಿಕೆಯಾಗಿ ಬಳಸಬೇಡಿ, ಊರೇ ಮಾಡಿಕೊಂಡ ಮಾತಿಗೆ ಅದು ಬೆನ್ನಾಸರೆಯಾಗಿರಲಿ.

ಇಂಗಿಸುವ ಕೆಲಸ ಎಲ್ಲಿ ಮಾಡಬೇಕು ಎನ್ನುವುದು ಮಣ್ಣು ನೋಡಿ ತೀರ್ಮಾನವಾಗಬೇಕು. ಕಪ್ಪು ಮಣ್ಣಿನ ಎರೆ ಭೂಮಿ ಒಮ್ಮೆ ನೆಂದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಅಲ್ಲಿ ಕೃಷಿ ಹೊಂಡ ತೆಗೆದರೆ ನೀರು ನಿಲ್ಲುತ್ತದೆ, ಇಂಗುವುದು ಕಡಿಮೆ. ಅದು ಬೋರಿನ ಮೇಲಿನ ಹೊರೆ ಇಳಿಸುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಇಂಗಬೇಕೆಂದರೆ ಊರಿನ ಮೇಲ್ಭಾಗದ ಕೆಂಪು ಮಣ್ಣಿನ ಮಸಾರಿ ಹೊಲ, ಕಲ್ಲುಹರಳಿನ ಗರಸು ನೆಲ, ಗುಡ್ಡದ ಬುಡ ಬೇಕು. ಒಡ್ಡು, ಕಂದಕಗಳು ಅಲ್ಲಿರಲಿ. ಹಳೆಯ ಕೆರೆಗಳಿದ್ದರೆ ಹೂಳೆತ್ತುವ ಮೊದಲು ಅದಕ್ಕೆ ನೀರು ತರುವ ಕಾಲುವೆಗಳ ಒತ್ತುವರಿ ಬಿಡಿಸಿ, ನೀರೇ ಬಾರದ ಕೆರೆಯ ಹೂಳೆತ್ತಿ ಪ್ರಯೋಜನವಿಲ್ಲ. ಹೊಲದ ನೀರನ್ನು ನೇರವಾಗಿ ಬೋರಿನೊಳಗೆ ಬಿಡುವುದನ್ನು ಮಾತ್ರ ತಡೆಯಿರಿ. ಔಷಧ, ಗೊಬ್ಬರ ಬೆರೆತ ನೀರು ಒಮ್ಮೆ ಬಿರುಕಿಗೆ ಇಳಿದರೆ ಅದನ್ನು ತೆಗೆಯುವ ಉಪಾಯ ಯಾರ ಬಳಿಯೂ ಇಲ್ಲ.

ಮರಳನ್ನು ನೀವು ಪ್ರಶ್ನೆಯಲ್ಲಿ ಎತ್ತಿಲ್ಲ, ಆದರೆ ಅದನ್ನು ಬಿಟ್ಟು ವರದೆಯ ಮಾತು ಪೂರ್ತಿಯಾಗುವುದಿಲ್ಲ. ಗಟ್ಟಿ ಕಲ್ಲಿನ ಸೀಮೆಯ ಕೊಳೆತ ಪದರ ಘನ ಮೀಟರಿಗೆ 15–30 ಲೀಟರ್ ಕೊಟ್ಟರೆ, ಹೊಳೆಯ ಮರಳು 150 ಲೀಟರಿಗೂ ಹೆಚ್ಚು ಕೊಡುತ್ತದೆ. ಹರಿವು ನಿಂತ ಮೇಲೂ ಮರಳಿನೊಳಗೆ ನೀರು ಜರುಗುತ್ತಲೇ ಇರುತ್ತದೆ, ಮಡುಗಳು ಉಳಿಯುವುದು ಅದರಿಂದ. ಮರಳು ತೆಗೆದು ಹೊಳೆಯ ತಳ ಆಳವಾದರೆ ದಂಡೆಯ ಬಾವಿಗಳ ನೀರೂ ಆ ತಗ್ಗಿಗೆ ಬೇಗ ಬಸಿದು ಹೋಗುತ್ತದೆ. ಬೇಸಿಗೆಯ ಮಡು ಎಂದರೆ ಬಾಳೆಮೀನು, ಕುಚ್ಚುಮೀನುಗಳ ಮುಂದಿನ ವರ್ಷದ ಬೀಜ. ನೆಲದಿಂದ ಬರುವ ತಂಪು ಒಸರು ನಿಂತರೆ ಮಡು ಕಾದು, ಉಸಿರುಗಟ್ಟಿ ಮೀನು ಸಾಯುತ್ತವೆ. ದಂಡೆಯ ಹೊಳೆಮತ್ತಿ ಮರಗಳ ತುದಿ ಒಣಗುತ್ತಿದೆಯೇ ನೋಡಿ. ಬೇರಿಗೆ ಸಿಗದಷ್ಟು ನೀರು ಕೆಳಗಿಳಿದರೆ ಮರ ನೆತ್ತಿಯಿಂದ ಒಣಗಲು ಶುರುವಾಗುತ್ತದೆ. ಊರು ಸೇರಿ ಎರಡು ದೊಡ್ಡ ಮಡುಗಳನ್ನಾದರೂ ಗುರುತಿಸಿ, ಅಲ್ಲಿ ಪಂಪು ಇಡುವುದಿಲ್ಲ, ಮರಳು ಮುಟ್ಟುವುದಿಲ್ಲ ಎಂದು ಠರಾವು ಮಾಡಲಿ.

ಕೊನೆಗೆ ಬೇಡ್ತಿ. ಬೇಡ್ತಿ-ವರದಾ ಜೋಡಣೆಯ ಪ್ರಸ್ತಾವ ಬಹಳ ವರ್ಷಗಳಿಂದ ಇದೆ, ಉತ್ತರ ಕನ್ನಡದವರು ತಮ್ಮ ಕಾಡಿಗಾಗಿ, ಹೊಳೆಗಾಗಿ ಅದನ್ನು ವಿರೋಧಿಸುತ್ತಲೂ ಇದ್ದಾರೆ. ಅವರ ಆತಂಕ ನನಗೆ ನ್ಯಾಯವೆನಿಸುತ್ತದೆ. ಅದನ್ನು ಬದಿಗಿಟ್ಟು ನಿಮ್ಮ ದಂಡೆಯ ಲೆಕ್ಕವನ್ನಷ್ಟೇ ನೋಡಿ. ಬಾವಿಗಳ ನೀರು ಹೊಳೆಯ ತಳಕ್ಕಿಂತ ಮೇಲಿದ್ದರೆ ನೆಲ ಹೊಳೆಗೆ ಕೊಡುತ್ತದೆ. ಕೆಳಗಿದ್ದರೆ ಹೊಳೆಯಿಂದ ಕಿತ್ತುಕೊಳ್ಳುತ್ತದೆ. ಮಟ್ಟ ಕುಸಿದ ದಂಡೆಗಳ ನಡುವೆ ಬೇರೆ ಕಣಿವೆಯ ನೀರು ತಂದು ಬಿಟ್ಟರೆ ಅದು ದಾರಿಯುದ್ದಕ್ಕೂ ಮರಳಿನೊಳಗೆ, ಅಲ್ಲಿಂದ ದಂಡೆಯ ಬೋರುಗಳಿಗೆ ಇಳಿದುಹೋಗುತ್ತದೆ, ಕೆಳಗಿನ ಊರಿಗೆ ಮುಟ್ಟುವುದು ಉಳಿದಷ್ಟು. ಜೋಡಣೆ ಆಗಲಿ, ಆಗದಿರಲಿ, ಮೇ ಕೊನೆಯಲ್ಲಿ ನಿಮ್ಮ ದಂಡೆಯ ಎರಡು ಬಾವಿಗಳ ನೀರು ಹೊಳೆಯ ತಳಕ್ಕಿಂತ ಎಷ್ಟು ಮೇಲಿದೆ ಅಥವಾ ಎಷ್ಟು ಕೆಳಗಿದೆ ಎಂಬ ಅಂಕಿ ನಿಮ್ಮ ಕೈಯಲ್ಲಿರಬೇಕು. ಬಾವಿಯ ಕಟ್ಟೆಗೂ ಹೊಳೆಯ ತಳಕ್ಕೂ ಇರುವ ಎತ್ತರದ ವ್ಯತ್ಯಾಸವನ್ನು ಪಂಚಾಯತ್ ರಾಜ್ ಇಲಾಖೆಯ ಎಂಜಿನಿಯರ್ ಒಬ್ಬರು ಲೆವೆಲ್ ಯಂತ್ರ ಇಟ್ಟು ಅರ್ಧ ದಿನದಲ್ಲಿ ತೆಗೆದುಕೊಡುತ್ತಾರೆ. ಈ ಮಳೆಗಾಲಕ್ಕೆ ಮುಂಚೆ ಅದನ್ನು ಮಾಡಿಸಿಕೊಳ್ಳಿ.